ಕ್ಯಾಮೆರಾ ಗೌಡರು

ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಲ್ಲಿ ಬಸ್ಸಿನಿಂದಿಳಿದು ಕ್ಯಾಮೆರಾ ಗೌಡರ ಮನೆ ಯಾವುದೆಂದು ವಿಚಾರಿಸಿದರೆ, ಎಮ್ಮೆ ಹೊಡೆದುಕೊಂಡು ಹೋಗುವ ಹುಡುಗನೂ ಕ್ಷಣಮಾತ್ರ ಯೋಚಿಸದೆ ದಾರಿ ತೋರಿಸಿಯಾನು. ಹೋಗಿ ನೋಡಿದವರಿಗೆ ಅಲ್ಲಿ ಅಂಗಳದ ತುಂಬ ಹರವಿದ ಅಡಿಕೆಯೂ, ಜಗಲಿಯ ಮೇಲೆ ಎಲೆಯಡಿಕೆಯ ತಟ್ಟೆಯೂ, ಒಳಗಿನ ಗೂಟದಲ್ಲಿ ತೂಗುಹಾಕಿದ ಕ್ಯಾಮೆರಾದ ಚೀಲವೂ, ಮೂಲೆಯಲ್ಲಿ ನಿಂತ ಮುಕ್ಕಾಲಿಯೂ, ಮಸೂರವನ್ನು ಒರೆಸುವ ನುಣುಪಾದ ಬಟ್ಟೆಯೂ, ಧೂಳನ್ನು ಊದಿ ತೆಗೆಯುವ ರಬ್ಬರಿನ ಬುರುಡೆಯೂ, ಮಂಚದ ಕೆಳಗೆ ಪೇರಿಸಿದ ಕ್ಯಾಮೆರಾ ಪತ್ರಿಕೆಗಳೂ ಕ್ರಮವಾಗಿ ಗೋಚರವಾಗುವುವು. ಗೋಚರವಾಗದಿರುವುದು ಕ್ಯಾಮೆರಾ ಒಂದೇ. ಜನರು ತಮ್ಮಲ್ಲಿರುವ ವಸ್ತುವಿನಿಂದ ಹೆಸರು ಪಡೆಯುವುದು ಲೋಕದ ವಾಡಿಕೆ. ನಮ್ಮ ಗೌಡರಾದರೋ ಮುಂದೆ ಎಂದಾದರೊಂದು ದಿನ ಕೊಳ್ಳಲಿರುವ ವಸ್ತುವಿನಿಂದಲೇ ಹೆಸರನ್ನು ಸಂಪಾದಿಸಿ, ಚೀಲ ಮುಕ್ಕಾಲಿಗಳ ಬೆಲೆಯ ಹೊರತು ಅದಕ್ಕೆ ಹೆಚ್ಚಿನ ವೆಚ್ಚ ತಗುಲದಂತೆ ಇಷ್ಟು ಕಾಲ ಕಾಪಾಡಿಕೊಂಡು ಬಂದಿದ್ದಾರೆ. ಚೀಲವನ್ನು ಮೊದಲೇ ಕೊಂಡದ್ದೇಕೆಂದು ಕೇಳಿದರೆ ಅವರ ಉತ್ತರ ಸಿದ್ಧವಾಗಿದೆ: "ಚೀಲದ ಮಾಡೆಲ್ ಬದಲಾಗಲ್ಲ ನೋಡಿ."

ಈ ಪಂಥದ ಮಹನೀಯರು ಎಲ್ಲ ಊರುಗಳಲ್ಲಿಯೂ ಇರುವರು. ಟ್ರ್ಯಾಕ್ಟರಿನ ಹೊಸ ಮಾದರಿ ಬರಲೆಂದು ಎತ್ತಿನ ಹಿಂದೆಯೇ ಮುಪ್ಪಾದವರುಂಟು. ಚಿನ್ನದ ಬೆಲೆ ಇಳಿಯಲೆಂದು ಕಾದು, ಮಗಳ ಮದುವೆ ಕಳೆದು ಮೊಮ್ಮಗಳ ನಾಮಕರಣಕ್ಕೂ ಬೆಳ್ಳಿಯ ಬಟ್ಟಲನ್ನೇ ಒಯ್ದವರುಂಟು. ಆದರೆ ಕ್ಯಾಮೆರಾಕ್ಕಾಗಿ ಕಾಯುವುದು ಇವೆಲ್ಲಕ್ಕಿಂತ ಉಚ್ಚತರವಾದ ಸಾಧನೆ ಎಂದು ನನ್ನ ಮತ. ಚಿನ್ನ ನೂರು ವರ್ಷ ಕಳೆದರೂ ಚಿನ್ನವೇ. ಕ್ಯಾಮೆರಾವಾದರೋ ಅಂಗಡಿಯ ಗಾಜಿನ ಹಿಂದೆ ಕಾಲಿರಿಸಿದ ದಿನವೇ ತನ್ನ ಉತ್ತರಾಧಿಕಾರಿಯ ವಾರ್ತೆಯನ್ನೂ ಹೊತ್ತು ತರುವ ವಸ್ತುವಾದುದರಿಂದ, ವಿವೇಕಿಯಾದವನಿಗೆ ಅದನ್ನು ಕೊಳ್ಳತಕ್ಕ ಮುಹೂರ್ತವೆಂಬುದೇ ಇರುವುದಿಲ್ಲ. ಗೌಡರು ಜಿಪುಣರೆಂದು ಮಾತ್ರ ಯಾರೂ ಭಾವಿಸಕೂಡದು. ನೆರೆಮನೆಯವರ ಮಗನ ಕಾಲೇಜಿನ ಶುಲ್ಕವನ್ನು ಕೇಳದ ಮುಂಚೆಯೇ ಕೊಟ್ಟವರು, ಬಂದವರನ್ನು ಊಟ ಮಾಡಿಸದೆ ಕಳುಹಿಸದವರು, ಕೊಳವೆಬಾವಿಗೆ ಒಂದೇ ಮಾತಿನಲ್ಲಿ ಲಕ್ಷಗಟ್ಟಲೆ ಸುರಿದವರು ಅವರೇ. ನೀರು ಬೀಳದಿದ್ದಾಗ ಅವರು ಮುಖ ಸಪ್ಪಗೆ ಮಾಡಿಕೊಂಡದ್ದನ್ನು ಕಂಡವರಿಲ್ಲ. ನೆಲದಡಿಯ ನೀರನ್ನು ನಂಬಿ ದುಡ್ಡು ಕಳೆದುಕೊಳ್ಳುವುದು ಅವರ ಲೆಕ್ಕದಲ್ಲಿ ದುರದೃಷ್ಟ. ಮುಂದಿನ ತಿಂಗಳು ಬೆಲೆ ಇಳಿಯಲಿರುವ ಕ್ಯಾಮೆರಾವನ್ನು ಈ ತಿಂಗಳು ಕೊಳ್ಳುವುದು ಮೂರ್ಖತನ.

ಗೌಡರ ಪ್ರತೀಕ್ಷೆಯ ಇತಿಹಾಸವನ್ನು ಹೇಳಹೊರಟರೆ ಛಾಯಾಗ್ರಹಣದ ಇತ್ತೀಚಿನ ಇತಿಹಾಸವನ್ನೇ ಹೇಳಿದಂತಾಗುತ್ತದೆ. ಅವರ ಬಾಲ್ಯದಲ್ಲಿ ಮನೆಯವರೆಲ್ಲರ ಪಟ ತೆಗೆಯಲೆಂದು ಆನವಟ್ಟಿಯಿಂದ ಬಂದಿದ್ದ ಸ್ಟುಡಿಯೋದವನು ಯಾಶಿಕಾ ಮ್ಯಾಟ್ 124 ಜಿ ಎಂಬ ಎರಡು ಕಣ್ಣಿನ ಪೆಟ್ಟಿಗೆಯನ್ನು ಎದೆಗೊರಗಿಸಿಕೊಂಡು ತಲೆ ಬಾಗಿಸಿ ನಿಂತಿದ್ದನಂತೆ. ಕುತೂಹಲ ತಡೆಯಲಾರದೆ ಓಡಿಹೋಗಿ ಇಣುಕಿದ ಹುಡುಗನಿಗೆ, ಮೇಲಿನ ಗಾಜಿನ ಚೌಕದೊಳಗೆ ತನ್ನ ಅಜ್ಜ, ಅಜ್ಜಿ, ದೊಡ್ಡಪ್ಪ, ಕೊಟ್ಟಿಗೆ, ಹುಲ್ಲಿನ ಬಣವೆ ಎಲ್ಲವೂ ಎಡವಿದ್ದುದು ಬಲಕ್ಕೂ ಬಲವಿದ್ದುದು ಎಡಕ್ಕೂ ಆಗಿ, ಬಣ್ಣಬಣ್ಣವಾಗಿ, ಅಂಗೈಯಗಲ ಜಾಗದಲ್ಲಿ ಕುಳಿತಿರುವುದು ಕಂಡಿತು. ಆ ಯಾಶಿಕಾವನ್ನು ಕೊಂಡೇ ತೀರುವೆನೆಂದು ಪಣತೊಟ್ಟ ಹುಡುಗನ ಕೈಗೆ ಹಣ ಬರುವ ವೇಳೆಗೆ, ಅಂದರೆ 1986ರಲ್ಲಿ, ಅದರ ತಯಾರಿಕೆಯೇ ನಿಂತಿತು. ಮುಂದೆ ನಿಕಾನ್ ಎಫ್‌ಎಂ 10 ಬಂತು; ಗೌಡರು ಶಿವಮೊಗ್ಗಕ್ಕೆ ಹೋಗಿ ಅದನ್ನು ಕೈಯಲ್ಲಿ ಹಿಡಿದು, ತೂಗಿ, ಕಿವಿಗೊಟ್ಟು ಶಟರಿನ ಶಬ್ದವನ್ನೂ ಕೇಳಿ, "ಫಿಲ್ಮಿನ ಕಾಲ ಮುಗೀತಂತೆ, ಡಿಜಿಟಲ್ ಬರ್ತೈತಂತೆ" ಎಂದು ಹಿಂದಿರುಗಿಸಿ ಬಂದರು. ಡಿಜಿಟಲ್ ಬಂದೇ ಬಂತು. 2003ರಲ್ಲಿ ಕ್ಯಾನನ್ ಸಂಸ್ಥೆಯವರು ಮಸೂರ ಬದಲಿಸಬಲ್ಲ ಡಿಜಿಟಲ್ ಕ್ಯಾಮೆರಾವನ್ನು ಮೊತ್ತಮೊದಲಿಗೆ ಸಾವಿರ ಡಾಲರಿನೊಳಗಿನ ಬೆಲೆಗೆ ಇಳಿಸಿ ಇಒಎಸ್ 300ಡಿ ಎಂದು ಮಾರಿದಾಗ ಅದರಲ್ಲಿದ್ದುದು 6 ಮೆಗಾಪಿಕ್ಸೆಲ್. ಆರು ಎಂಟಾಗದಿರುವುದೆ ಎಂದರು ಗೌಡರು. 2005ರಲ್ಲಿ ಆರು ಎಂಟಾಯಿತು, ಮರುವರ್ಷ ಹತ್ತಾಯಿತು, 2008ರಲ್ಲಿ ಹನ್ನೆರಡಾಯಿತು. ಅದೇ ವರ್ಷ ನಿಕಾನ್ ಡಿ 90 ಚಲಚ್ಚಿತ್ರವನ್ನೂ ತೆಗೆಯತೊಡಗಿ ಎಣಿಕೆಯ ಲೆಕ್ಕವನ್ನೇ ಕೆಡಿಸಿತು. ಪ್ರತಿಯೊಂದು ಸಲವೂ ಗೌಡರ ಭವಿಷ್ಯವಾಣಿ ನಿಜವಾಯಿತು. ನಿಜವಾದಷ್ಟೂ ಕೊಳ್ಳುವ ದಿನ ದೂರ ಸರಿಯಿತು.

2011ರಲ್ಲಿ ಥಾಯ್ಲೆಂಡಿನಲ್ಲಿ ಮಹಾಪ್ರವಾಹವುಂಟಾಗಿ ಅಯುತ್ಥಾಯದಲ್ಲಿದ್ದ ನಿಕಾನ್ ಕಾರ್ಖಾನೆ ನೀರಿನಲ್ಲಿ ಮುಳುಗಿತು. ವರದೆ ಉಕ್ಕಿ ಗದ್ದೆಗಳ ಮೇಲೆ ಹರಿದಾಗ ಕಂಬಳಿಕೊಪ್ಪೆ ಹಾಕಿಕೊಂಡು ಸುಮ್ಮನೆ ನೋಡುತ್ತ ನಿಲ್ಲುವ ಜನ ನಮ್ಮವರು. ಆ ವರ್ಷ ದೂರದ ಸಯಾಮ್ ದೇಶದ ನೆರೆಗಾಗಿ ಊಟ ಬಿಟ್ಟು ಕುಳಿತವರು ಇಡೀ ತಾಲ್ಲೂಕಿನಲ್ಲಿ ಗೌಡರೊಬ್ಬರೇ ಇರಬೇಕು. ನೀರಿಳಿದ ಮೇಲೆ, ಅಂದರೆ ಮರುವರ್ಷ, ಡಿ 600 ಎಂಬುದು ಬಂತು. ಈ ಸಲ ಗೌಡರು ನಿಜವಾಗಿಯೂ ಸೋತರು: ಹಣವನ್ನು ಎಣಿಸಿ, ರಬ್ಬರ್ ಬ್ಯಾಂಡು ಹಾಕಿ, ಪಂಚಾಂಗವನ್ನೂ ನೋಡಿದರು. ಹೊರಡುವ ಹಿಂದಿನ ದಿನ, ಹೊಸ ಕ್ಯಾಮೆರಾದ ಸಂವೇದಕದ ಮೇಲೆ ಎಣ್ಣೆಯ ಹನಿಗಳೂ ಧೂಳಿನ ಕಲೆಗಳೂ ಬೀಳುತ್ತಿರುವುವೆಂದು ವಾರ್ತೆ ಬಂತು. ವರ್ಷ ತುಂಬುತ್ತಲೇ ಸಂಸ್ಥೆಯವರು ದೋಷವನ್ನು ತಿದ್ದಿ ಡಿ 610 ಎಂದು ಇನ್ನೊಂದನ್ನು ಹೊರಡಿಸಿದರು. ಅಂದಿನಿಂದ ಗೌಡರಿಗೆ ತಮ್ಮ ಮಾರ್ಗದಲ್ಲಿ ಹುಟ್ಟಿದ ನಿಷ್ಠೆಯನ್ನು ಯಾವ ನಾಸ್ತಿಕನೂ ಅಲುಗಿಸಲಾರ. ರಣರಂಗದಲ್ಲಿ ಗೆದ್ದವರು ಗಾಯದ ಕಲೆಯನ್ನು ತೋರಿಸುವರು. ಗೌಡರು ಆ ಕೊಳ್ಳದ ಕ್ಯಾಮೆರಾದ ಕಲೆಗಳನ್ನು ಬಂದವರಿಗೆಲ್ಲ ವರ್ಣಿಸುವರು.

ಇದಕ್ಕೆಲ್ಲ ಮೂಲಕಾರಣ ಅಡಿಕೆ ಎಂಬುದು ನನ್ನ ಗುಮಾನಿ. ಅಡಿಕೆ ಬೆಳೆಯುವವನಿಗೆ ಕಾಯುವುದನ್ನು ಯಾರೂ ಪ್ರತ್ಯೇಕವಾಗಿ ಕಲಿಸಬೇಕಾಗಿಲ್ಲ. ಸುಲಿದು, ಬೇಯಿಸಿ, ಒಣಗಿಸಿ, ಚೀಲಕ್ಕೆ ತುಂಬಿದ ರಾಶಿ ಅಡಿಕೆ ಅಟ್ಟದ ಮೇಲಿರುವಾಗ ಬೆಳಗಿನ ಪತ್ರಿಕೆಯಲ್ಲಿ ಅವನು ಮೊದಲು ನೋಡುವುದು ಶಿವಮೊಗ್ಗದ ಧಾರಣೆಯನ್ನು. ಧಾರಣೆ ಇಳಿದಿದ್ದರೆ ಏರಲೆಂದು ಕಾಯುವನು, ಏರಿದ್ದರೆ ಇನ್ನೂ ಏರಲೆಂದು ಕಾಯುವನು. ಗೌಡರ ಸಂಕಲ್ಪವೇನೆಂದರೆ, ಅಡಿಕೆಯ ಧಾರಣೆ ಶಿಖರವನ್ನು ಮುಟ್ಟಿದ ದಿನ ಮಾರಿ, ಕ್ಯಾಮೆರಾದ ಬೆಲೆ ಪಾತಾಳವನ್ನು ಮುಟ್ಟಿದ ದಿನ ಕೊಳ್ಳುವುದು. ಒಂದು ಕಾಯುವಿಕೆಗೇ ಒಂದು ಜನ್ಮ ಸಾಲದೆಂಬಾಗ ಇವರು ಎರಡನ್ನು ಒಂದಕ್ಕೊಂದು ಗಂಟುಹಾಕಿಕೊಂಡಿದ್ದಾರೆ. 2014ರಲ್ಲಿ ಧಾರಣೆ ಯಾರೂ ಕಂಡರಿಯದ ಎತ್ತರಕ್ಕೆ ಹಾರಿದಾಗ ಊರಿನ ಹಲವರು ಮಾರಿ ಕಾರು ಕೊಂಡರು, ಮನೆಗೆ ತಾರಸಿ ಹಾಕಿಸಿದರು. ಗೌಡರ ಅಟ್ಟ ಮಾತ್ರ ತುಂಬಿದ್ದು ತುಂಬಿದಂತೆಯೇ ಇತ್ತು. ಧಾರಣೆ ಕುಸಿದ ಮೇಲೆ, ಆ ವರ್ಷ ಮಾರಿದ್ದರೆ ಯಾವ ಕ್ಯಾಮೆರಾ ಬರುತ್ತಿತ್ತು, ಅದಕ್ಕೆ ಯಾವ ಮಸೂರ ಹೊಂದುತ್ತಿತ್ತು, ಮಿಕ್ಕ ಹಣದಲ್ಲಿ ಇನ್ನೇನು ಬರುತ್ತಿತ್ತು ಎಂಬುದನ್ನು ಅವರು ಹಾಳೆಯ ಮೇಲೆ ಬರೆದು ಲೆಕ್ಕ ಮಾಡಿ ತೋರಿಸಿದರು. ಅವರ ಮುಖದಲ್ಲಿ ನಾನು ನಿರೀಕ್ಷಿಸಿದ್ದ ವಿಷಾದದ ಸುಳಿವೂ ಇರಲಿಲ್ಲ.

ವರ್ಷದ ಯಾವ ಋತುವೂ ಈ ವ್ರತಕ್ಕೆ ಭಂಗ ತರದಂತೆ ಪ್ರಕೃತಿಯೂ ಪಂಚಾಂಗವೂ ಅವರಿಗೆ ಸಹಕರಿಸಿವೆ. ಮಳೆಗಾಲದಲ್ಲಿ ಕೊಳ್ಳುವಂತಿಲ್ಲ: ನಮ್ಮ ಕಡೆಯ ಆಷಾಢ ಶ್ರಾವಣಗಳ ತೇವದಲ್ಲಿ ಚಪ್ಪಲಿಗೂ ಬೂಷ್ಟು, ಉಪ್ಪಿನಕಾಯಿಗೂ ಬೂಷ್ಟು, ಮಸೂರದ ಗಾಜಿನ ಮೇಲೆ ಒಮ್ಮೆ ಆ ಬೂಷ್ಟು ಜೇಡರಬಲೆಯಂತೆ ಎಳೆ ಬಿಟ್ಟಿತೆಂದರೆ ಗಾಜಿನ ಲೇಪವನ್ನೇ ತಿಂದುಬಿಡುವುದೆಂಬುದು ಸುಳ್ಳಲ್ಲ. ಮಳೆ ತೆರಪುಕೊಟ್ಟು ಸೆಪ್ಟೆಂಬರ್ ಬಂದರೆ ಒಂದು ಕಡೆ ಪಿತೃಪಕ್ಷ. ಇನ್ನೊಂದು ಕಡೆ, ಎರಡು ವರ್ಷಕ್ಕೊಮ್ಮೆ ಜರ್ಮನಿಯ ಕಲೋನ್ ನಗರದಲ್ಲಿ ಫೋಟೊಕಿನಾ ಎಂಬ ಮಹಾಮೇಳ ನಡೆದು ಹೊಸ ಮಾದರಿಗಳೆಲ್ಲ ಅಲ್ಲಿಯೇ ಅವತರಿಸುತ್ತಿದ್ದುದರಿಂದ, ಅದಕ್ಕೆ ಮುಂಚೆ ಕೊಳ್ಳುವುದು ಅವಿವೇಕ, ಅದರ ಹಿಂದೆಯೇ ಕೊಳ್ಳುವುದು ಆತುರ. ದೀಪಾವಳಿಗೆ ಕೊನೆಕೊಯ್ಲು, ಕೈಯಲ್ಲಿ ಬಿಡುವಿಲ್ಲ, ಧನುರ್ಮಾಸದಲ್ಲಿ ಶುಭಕಾರ್ಯವಿಲ್ಲ, ಬೇಸಿಗೆಯಲ್ಲಿ ಆಗಬಹುದಿತ್ತು, ಆದರೆ ಮಳೆಗಾಲ ಇನ್ನೇನು ಬಂದೇಬಿಟ್ಟಿತಲ್ಲ. ಫೋಟೊಕಿನಾ ಕಾಯಮಾಗಿ ನಿಂತುಹೋಯಿತೆಂದು ತಿಳಿದಾಗ ಗೌಡರು ಕುಲದ ಹಿರಿಯರೊಬ್ಬರು ಹೋದಂತೆ ಕೊರಗಿದರು.

ಸರಕಾರವೂ ತನ್ನ ಪಾಲಿನ ಉಪಕಾರವನ್ನು ಮಾಡಿದೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಡಿಜಿಟಲ್ ಕ್ಯಾಮೆರಾದ ಮೇಲಿನ ತೆರಿಗೆ ಶೇಕಡ 28. ಇಷ್ಟು ಅನ್ಯಾಯ ಬಹುಕಾಲ ನಿಲ್ಲಲಾರದೆಂದು ಗೌಡರು ನುಡಿದರು. 2019ರ ಜನವರಿ 1ರಿಂದ ಅದು ಶೇಕಡ 18ಕ್ಕೆ ಇಳಿಯಿತು. ಊರಿನ ಮಿತ್ರರು ಅಭಿನಂದಿಸಲು ಜಗಲಿಗೆ ಬಂದರೆ ಗೌಡರು, "ಹದಿನೆಂಟಕ್ಕೆ ಇಳಿದದ್ದು ಹನ್ನೆರಡಕ್ಕೆ ಇಳೀದೆ ಇರ್ತದಾ?" ಎಂದರು. 2025ರ ಸೆಪ್ಟೆಂಬರ್ 22ರಂದು ಹನ್ನೆರಡರ ಹಂತವನ್ನೇ ಸರಕಾರದವರು ಕಿತ್ತುಹಾಕಿದರು. ಇದು ಗೌಡರಿಗೆ ಸೋಲೆಂದು ನಾವು ಬಗೆದೆವು. ಅವರು ಶಾಂತವಾಗಿ ಎಲೆಗೆ ಸುಣ್ಣ ಸವರುತ್ತ, "ಹಂಗಾರೆ ಹದಿನೆಂಟರ ಕೆಳಗೆ ಇನ್ನು ಐದೇ ಉಳೀತು. ಇಳಿದ್ರೆ ಸೀದಾ ಐದಕ್ಕೇ" ಎಂದರು. ಹದಿನೆಂಟರ ಮೇಲೆ ನಲವತ್ತೆಂಬುದೂ ಒಂದಿದೆಯೆಂದು ಜ್ಞಾಪಿಸುವಷ್ಟು ಕಠಿಣಹೃದಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಊರಿನ ನಿವೃತ್ತ ಮೇಷ್ಟರೊಬ್ಬರು ಮಾತ್ರ ಗೌಡರೊಡನೆ ವಾದಕ್ಕಿಳಿಯುವ ಧೈರ್ಯವುಳ್ಳವರು. ಕುಬಟೂರಿನ ಕೈಟಭೇಶ್ವರ, ಬಳ್ಳಿಗಾವಿಯ ಕೇದಾರೇಶ್ವರ, ತಾಳಗುಂದದ ಪ್ರಣವೇಶ್ವರ, ಇಷ್ಟು ಸಂಪತ್ತನ್ನು ಸುತ್ತ ಇಟ್ಟುಕೊಂಡು ಒಂದು ಪಟವನ್ನಾದರೂ ತೆಗೆಯದಿರುವುದು ಪಾಪವಲ್ಲವೆ ಎಂದು ಅವರು ಒಮ್ಮೆ ಕೇಳಿದರು. ಗೌಡರೆಂದರು: "ಕೈಟಭೇಶ್ವರ ಒಂಬೈನೂರು ವರ್ಷದಿಂದ ನಿಂತಲ್ಲೇ ನಿಂತಾನೆ. ಇನ್ನಾರು ತಿಂಗಳಲ್ಲಿ ಎಲ್ಲಿಗೆ ಓಡಿಹೋದಾನು ಮೇಷ್ಟ್ರೆ?" ಮೇಷ್ಟರು ಬಿಡಲಿಲ್ಲ. ತಾಳಗುಂದದ ಸ್ತಂಭಶಾಸನವನ್ನು ರಚಿಸಿ ಕಲ್ಲಿನ ಮೇಲೆ ಬರೆದ ಕುಬ್ಜಕವಿ ಇನ್ನೂ ಒಳ್ಳೆಯ ಕಲ್ಲು ಸಿಕ್ಕೀತೆಂದು ಕಾದು ಕುಳಿತಿದ್ದರೆ, ಮಯೂರಶರ್ಮನು ಕಂಚಿಯ ಘಟಿಕಾಸ್ಥಾನಕ್ಕೆ ಹೋದದ್ದೂ, ಪಲ್ಲವರೊಡನೆ ಕಲಹವಾದದ್ದೂ, ಕದಂಬರ ರಾಜ್ಯ ಹುಟ್ಟಿದ್ದೂ ನಮಗೆ ತಿಳಿಯುತ್ತಿತ್ತೆ ಎಂದು ಸವಾಲು ಹಾಕಿದರು. ಇದಕ್ಕೆ ಉತ್ತರವಿಲ್ಲವೆಂದು ನಾನು ಎಣಿಸುತ್ತಿದ್ದಂತೆ ಗೌಡರು, "ಅವನ ಕಾಲದಾಗೆ ಕಲ್ಲಿನ ಹೊಸ ಮಾಡೆಲ್ ವರ್ಷಕ್ಕೆರಡು ಬರ್ತಿರಲಿಲ್ಲ" ಎಂದರು. ಮೇಷ್ಟರು ಕೊನೆಯ ಅಸ್ತ್ರವಾಗಿ ಪೂರ್ಣಚಂದ್ರ ತೇಜಸ್ವಿಯವರನ್ನೂ, ಇ. ಹನುಮಂತರಾಯರನ್ನೂ, ಟಿ. ಎನ್. ಎ. ಪೆರುಮಾಳರನ್ನೂ ತಂದು ನಿಲ್ಲಿಸಿ, ಫಿಲ್ಮಿನ ಕಾಲದಲ್ಲಿಯೇ ಅವರು ಹಕ್ಕಿಗಳನ್ನೂ ಕಾಡನ್ನೂ ಹೇಗೆ ಸೆರೆಹಿಡಿದರೆಂದು ವಿವರಿಸಿದರು. ಗೌಡರು ಆ ಮೂವರಿಗೂ ಮನಸಾರೆ ಕೈಮುಗಿದರು, ಆ ಮೇಲೆ ಹೇಳಿದರು: "ಪುಣ್ಯವಂತರು. ಕಾಯುವಂಥಾದ್ದು ಏನೂ ಇರಲಿಲ್ಲ ಅವರಿಗೆ."

ಗುಡವಿಯ ಪಕ್ಷಿಧಾಮದಲ್ಲಿ ಗೌಡರ ಪ್ರಭಾವವನ್ನು ನಾನು ಕಣ್ಣಾರೆ ಕಂಡೆ. ಮಳೆಗಾಲ ಇನ್ನೂ ಪೂರ್ತಿ ಮುಗಿದಿರಲಿಲ್ಲ. ಕೆರೆಯೊಳಗೆ ಸೊಂಟದವರೆಗೆ ನೀರಿನಲ್ಲಿ ನಿಂತ ಮರಗಳ ಮೇಲೆ ಬಿಳಿ ಕೆಂಬರಲುಗಳು ಗೂಡುಗಳಲ್ಲಿ ಗಲಭೆ ಮಾಡುತ್ತಿದ್ದುವು, ಹಾವಕ್ಕಿಯೊಂದು ರೆಕ್ಕೆಗಳನ್ನು ಅಗಲಕ್ಕೆ ಹರವಿ ಬಿಸಿಲು ಕಾಯಿಸುತ್ತಿತ್ತು. ಬೆಂಗಳೂರಿನಿಂದ ಬಂದ ತರುಣನೊಬ್ಬನು ಒನಕೆಯಷ್ಟು ಉದ್ದದ ಮಸೂರವನ್ನು ಮುಕ್ಕಾಲಿಯ ಮೇಲೇರಿಸಿ, ಆ ಹಾವಕ್ಕಿ ಹಾರುವ ಗಳಿಗೆಗಾಗಿ ಉಸಿರು ಬಿಗಿಹಿಡಿದು ಕಣ್ಣಿಟ್ಟಿದ್ದನು. ಗೌಡರು ಮೆಲ್ಲನೆ ಪಕ್ಕಕ್ಕೆ ಹೋಗಿ, ಹೆಸರನ್ನು ಕೇಳದೆಯೇ ಅವನ ಕ್ಯಾಮೆರಾದ ಮಾದರಿಯನ್ನು ಗುರುತಿಸಿ, ಯಾವಾಗ ಕೊಂಡದ್ದೆಂದು ವಿಚಾರಿಸಿದರು. ಹೋದ ತಿಂಗಳೆಂದು ಅವನು ಹೆಮ್ಮೆಯಿಂದ ಹೇಳಿದನು. ಗೌಡರು ಏನೂ ಹೇಳದೆ, ಮೃತ್ಯುವಾರ್ತೆಯನ್ನು ತಂದವರಂತೆ ಒಂದು ನಿಟ್ಟುಸಿರನ್ನು ಮಾತ್ರ ಬಿಟ್ಟರು. ಆ ತರುಣನಿಗೆ ಇನ್ನು ತಡೆಯಲಾಗಲಿಲ್ಲ. ಕಣ್ಣನ್ನು ಕ್ಯಾಮೆರಾದಿಂದ ತೆಗೆದು, "ಯಾಕೆ ಸಾರ್?" ಎಂದನು. "ಏನಿಲ್ಲ. ಇನ್ನೊಂದಾರು ತಿಂಗಳು ತಡೀಬೇಕಿತ್ತು" ಎಂದು ಗೌಡರು ಹೇಳುವಷ್ಟರಲ್ಲಿ ಹಾವಕ್ಕಿ ಹಾರಿಹೋಯಿತು. ಅವನು ಅದನ್ನು ನೋಡಲೂ ಇಲ್ಲ. ಬರಲಿರುವ ಮಾದರಿಯಲ್ಲಿ ಹಕ್ಕಿಯ ಕಣ್ಣನ್ನು ಹುಡುಕಿ ಹಿಡಿಯುವ ಶಕ್ತಿ ಎಷ್ಟರಮಟ್ಟಿಗೆ ಹೆಚ್ಚುವುದೆಂದು ಗೌಡರನ್ನು ಕೇಳುತ್ತ ನಿಂತಿದ್ದನು.

ತೆಗೆಯದ ಚಿತ್ರಗಳ ವಿಷಯದಲ್ಲಿ ಗೌಡರಿಗೆ ಸಮಾನರಾದ ಕಲಾವಿದರು ಈ ಸೀಮೆಯಲ್ಲಿಲ್ಲ. ದೀಪಾವಳಿಯ ಬಳಿಕ ಹೋರಿ ಬೆದರಿಸುವ ಹಬ್ಬ ನಡೆಯುವಾಗ, ಕೊಬ್ಬರಿಯ ಹಾರ ತೊಟ್ಟು, ಕೊಂಬಿಗೆ ಬಲೂನು ಕಟ್ಟಿಸಿಕೊಂಡ ಹೋರಿ ಜನರ ನಡುವಣ ಓಣಿಯಲ್ಲಿ ನುಗ್ಗಿ ಬರುವುದನ್ನು ನೂರಾರು ಹುಡುಗರು ಮೊಬೈಲಿನಲ್ಲಿ ಹಿಡಿಯಲು ನೂಕಾಡುವರು. ಗೌಡರು ಬೇಲಿಯ ಬದಿಯಲ್ಲಿ ನಿಂತು ಎರಡು ಹೆಬ್ಬೆರಳು ಎರಡು ತೋರುಬೆರಳುಗಳ ಚೌಕಟ್ಟನ್ನು ಕಣ್ಣೆದುರಿಗೆ ಹಿಡಿದು, "ಸಾವಿರದ ಇನ್ನೂರೈವತ್ತರಲ್ಲೊಂದು" ಎಂದು ಶಟರಿನ ವೇಗವನ್ನು ಉಚ್ಚರಿಸಿ, ನಾಲಿಗೆಯಿಂದ ಕ್ಲಿಕ್ ಎನ್ನುವರು. ಆ ಚಿತ್ರದಲ್ಲಿ ಹಾರದಿಂದ ಕಳಚಿದ ಕೊಬ್ಬರಿ ಬಟ್ಟಲೊಂದು ಗಾಳಿಯಲ್ಲಿ ನಿಂತಿತ್ತೆಂದೂ, ಹೋರಿಯ ಮೂಗಿನ ತುದಿಯ ಬೆವರು ಕೂಡ ಎಣಿಸಬಹುದಾಗಿತ್ತೆಂದೂ, ಹಿಂದಿನ ಜನಸಂದಣಿ ಹದವಾಗಿ ಮಸುಕಾಗಿತ್ತೆಂದೂ ಸಂಜೆ ಜಗಲಿಯ ಮೇಲೆ ಅವರು ವರ್ಣಿಸುವಾಗ, ಅದೇ ಹೋರಿಯನ್ನು ನಿಜವಾಗಿ ಸೆರೆಹಿಡಿದ ಹುಡುಗರು ತಮ್ಮ ಮೊಬೈಲುಗಳನ್ನು ಮೆಲ್ಲನೆ ಜೇಬಿಗೆ ಇಳಿಸುವರು. ಅವರ ಚಿತ್ರಗಳಲ್ಲಿ ಹೋರಿಯ ಬಾಲವೋ ಯಾರದೋ ಮೊಣಕೈಯೋ ಇರುತ್ತದೆ. ಗೌಡರ ಚಿತ್ರ ಒಂದೂ ಕೆಟ್ಟದ್ದಿಲ್ಲ.

ಗೌಡರ ಮಡದಿಯವರು ಭೂಮಿ ಹುಣ್ಣಿಮೆಗೆ ಬುಟ್ಟಿಯನ್ನು ಕೆಮ್ಮಣ್ಣಿನಿಂದ ಸಾರಿಸಿ, ಅಕ್ಕಿಯ ಹಿಟ್ಟಿನ ಬಿಳುಪಿನಲ್ಲಿ ಚಿತ್ತಾರ ಬರೆಯುವುದರಲ್ಲಿ ನುರಿತವರು. ಕೂದಲಿಗಿಂತ ಸಣ್ಣ ಎಳೆಯಲ್ಲಿ ಭತ್ತದ ಸಸಿ, ಏಣಿ, ಬೀಸೆಕಲ್ಲು ಎಲ್ಲವೂ ಆ ಬುಟ್ಟಿಯ ಮೇಲೆ ಮೂಡುವುವು. ಮರುದಿನ ಅದು ಗದ್ದೆಯ ಕೆಸರಿಗೂ ಅಡುಗೆಯ ಎಂಜಲಿಗೂ ಸೇರುತ್ತದೆ. ಒಂದು ಪಟ ತೆಗೆದಿಡಿರೆಂದು ಪ್ರತಿ ವರ್ಷವೂ ಕೇಳಿ ಕೇಳಿ ಬೇಸತ್ತು, ಆಕೆ ಮಗಳು ಕೊಟ್ಟುಹೋದ ಹಳೆಯ ಮೊಬೈಲಿನಲ್ಲಿ ತಾವೇ ತೆಗೆಯತೊಡಗಿದರು. ಬುಟ್ಟಿಯ ಚಿತ್ರಗಳ ನಡುವೆ ಒಂದು ಸಲ ಗೌಡರದೂ ಬಂದಿದೆ: ಜಗಲಿಯ ಕಂಬಕ್ಕೆ ಒರಗಿ, ಕನ್ನಡಕವನ್ನು ಹಣೆಗೇರಿಸಿ, ಕ್ಯಾಮೆರಾ ಪತ್ರಿಕೆಯನ್ನು ಮೂಗಿಗೆ ತಾಗುವಂತೆ ಹಿಡಿದಿದ್ದಾರೆ, ಸಂಜೆಯ ಬೆಳಕು ಅರ್ಧ ಮುಖದ ಮೇಲೆ ಬಿದ್ದಿದೆ. ಬಹಳ ಸೊಗಸಾದ ಚಿತ್ರ. ಗೌಡರು ಅದನ್ನು ನೋಡಿ, "ನೆರಳಿನ ಭಾಗದಲ್ಲಿ ವಿವರ ಕಡಿಮೆ ಆತು" ಎಂದರಂತೆ.

ಹೀಗಿರುವಲ್ಲಿ ಕಳೆದ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿರುವ ಅಳಿಯಂದಿರು ಊರಿಗೆ ಬಂದವರು, ಮಾವನವರ ಜೀವಮಾನದ ಬಯಕೆಯನ್ನು ತೀರಿಸುವ ಸದುದ್ದೇಶದಿಂದ, ಹೇಳದೆ ಕೇಳದೆ, ಕನ್ನಡಿಯಿಲ್ಲದ ನವೀನ ಮಾದರಿಯ ಕ್ಯಾಮೆರಾವೊಂದನ್ನು ತಂದು ಕೈಗಿತ್ತರು. ಸುದ್ದಿ ಕೇಳಿ ನನಗೆ ಎದೆ ಧಸಕ್ಕೆಂದಿತು. ಒಂದು ಆಯುಷ್ಯದ ತಪಸ್ಸನ್ನು ಹೀಗೆ ಒಂದು ರಟ್ಟಿನ ಪೆಟ್ಟಿಗೆಯಿಂದ ಮುಗಿಸಿಬಿಡುವುದೆಂದರೇನು? ಸಮಾಧಾನ ಹೇಳುವ ಮಾತುಗಳನ್ನು ದಾರಿಯುದ್ದಕ್ಕೂ ಹೊಂದಿಸಿಕೊಳ್ಳುತ್ತ ಅವರ ಮನೆಗೆ ಹೋದೆನು. ಗೌಡರು ಜಗಲಿಯ ಮೇಲೆ, ಹತ್ತು ವರ್ಷ ಚಿಕ್ಕವರಾದವರಂತೆ, ದೊಡ್ಡದೊಂದು ಮುದ್ರಿತ ಹಾಳೆಯನ್ನು ಹರವಿಕೊಂಡು ಕುಳಿತಿದ್ದರು. ಪಕ್ಕದಲ್ಲಿ ಕ್ಯಾಮೆರಾ ಇತ್ತು; ಅದರ ಬಾಯಿಗೆ ಪ್ಲಾಸ್ಟಿಕ್ಕಿನ ಮುಚ್ಚಳ ಹಾಕಿತ್ತು. ಅಳಿಯಂದಿರು ಬರಿಯ ದೇಹವನ್ನು ತಂದಿದ್ದರು, ಮಸೂರವನ್ನು ತಂದಿರಲಿಲ್ಲ.

"ಒಳ್ಳೇ ಕೆಲಸ ಮಾಡಿದ ಪುಣ್ಯಾತ್ಮ" ಎಂದು ಗೌಡರು ನನ್ನನ್ನು ಹತ್ತಿರ ಕೂರಿಸಿಕೊಂಡು ಹಾಳೆಯನ್ನು ತೋರಿಸಿದರು. ಮುಂದಿನ ವರ್ಷಗಳಲ್ಲಿ ಹೊರಡಿಸಲಿರುವ ಮಸೂರಗಳ ನಕ್ಷೆಯನ್ನು ಸಂಸ್ಥೆಯವರೇ ಪ್ರಕಟಿಸಿದ್ದರು. ಬಂದಿರುವುವು ಬಣ್ಣದಲ್ಲಿದ್ದುವು, ಬರಲಿರುವುವು ಬರಿಯ ಕಪ್ಪು ನೆರಳಿನಾಕಾರದಲ್ಲಿದ್ದುವು. ಗೌಡರ ಬೆರಳು ಬಣ್ಣದ ಸಾಲನ್ನು ಸರಸರನೆ ದಾಟಿ ಒಂದು ನೆರಳಿನ ಮೇಲೆ ನಿಂತಿತು.

"ಇದು ಯಾವಾಗ ಬರುತ್ತದೆ?" ಎಂದೆನು.

"ಇಸವಿ ಹಾಕಿಲ್ಲ," ಎಂದು ಗೌಡರು ಪರಮಾನಂದದಿಂದ ಹೇಳಿ, ನನಗೆ ಕಾಫಿ ತರುವಂತೆ ಒಳಗೆ ಕೂಗಿದರು.

"ಎಮ್ಮೆ ಇನ್ನೂ ಮನೆಗೆ ಬಂದಿಲ್ಲ. ಕಾಯಿರಿ," ಎಂದು ಒಳಗಿನಿಂದ ಮಡದಿಯವರ ಧ್ವನಿ ಬಂತು. "ಬರೋ ಹೊತ್ತಿಗೆ ಅದೂ ಹೊಸಾ ಮಾಡೆಲ್ ಆಗಿರಬಹುದು."